ಅಳಲಿಗೂ ಅಳುವಿಗೂ ನಂಟಿದೆಯೇ?

ಈ ಬಾರಿ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ದುಃಖದ ದನಿಯನ್ನು ಹೇಳುವ ಪದಗಳ ಬಗ್ಗೆ ಇವೆ. ಒಂದಕ್ಕೊಂದು ಹೊಂದುವುದರಿಂದ ಎಲ್ಲವನ್ನೂ ಇಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ (ಮೈಸೂರಿನಿಂದ): ‘ಬೆಳೆ ಕಳೆದುಕೊಂಡ ರೈತರ ಅಳಲು’ ಎಂದು ಪತ್ರಿಕೆಗಳಲ್ಲಿ ಓದುತ್ತೇವೆ. ಅಲ್ಲಿ ರೈತರು ಅತ್ತಿರುವುದಿಲ್ಲ, ಅಧಿಕಾರಿಗಳ ಮುಂದೆ ಕಷ್ಟ ಹೇಳಿಕೊಂಡಿರುತ್ತಾರೆ. ‘ಅಳಲು’ ಬಂದಿರುವುದು ‘ಅಳು’ವಿನಿಂದ ತಾನೇ? ಹಾಗಾದರೆ ಈ ಬಳಕೆ ತಪ್ಪಲ್ಲವೇ?

ಉತ್ತರ: ಬಳಕೆ ಸರಿಯಾಗಿಯೇ ಇದೆ. ತಪ್ಪಿರುವುದು ಅದರ ಹುಟ್ಟಿನ ಬಗೆಗಿನ ಊಹೆ. ‘ಅಳಲು’ ಎಂಬ ನಾಮಪದ ಹುಟ್ಟಿದ್ದು ಬೆಂಕಿಯಿಂದ.

ಹಳಗನ್ನಡದಲ್ಲಿ ಇದರ ರೂಪ ‘ಅೞಲ್’ (ೞ ಈಗ ಬಳಕೆಯಲ್ಲಿಲ್ಲದ ಹಳೆಯ ಅಕ್ಷರ, ಇಂದು ಅದರ ಜಾಗದಲ್ಲಿ ಳ ಬರೆಯುತ್ತೇವೆ). ಸುಡು, ಬೇಯು, ಒಳಗೇ ಬೆಂದು ಸಂಕಟಪಡು ಎಂಬುದು ಅದರ ಅರ್ಥದ ಹರವು. ತಮಿಳಿನಲ್ಲಿ ಇದೇ ಪದ ‘ಅೞಲ್’ ಇಂದಿಗೂ ಬೆಂಕಿ, ಕಾವು ಎಂಬ ಅರ್ಥವನ್ನು ಉಳಿಸಿಕೊಂಡಿದೆ. ಮಲಯಾಳದಲ್ಲಿ ‘ಅೞಲ್’ ಎಂದರೆ ದುಃಖ. ಅಂದರೆ ಒಂದೇ ಮನೆಯ ಪದ ತಮಿಳಿನಲ್ಲಿ ಉರಿಯಾಗಿ ನಿಂತಿತು, ಮಲಯಾಳದಲ್ಲೂ ಕನ್ನಡದಲ್ಲೂ ಒಡಲೊಳಗಿನ ಉರಿಯಾಯಿತು. ಹಾಗಾಗಿ ಕಣ್ಣಲ್ಲಿ ಹನಿ ನೀರಿಲ್ಲದೆಯೂ ರೈತರಿಗೆ ಅಳಲು ಇರಬಹುದು. ಮೊದಲಿನಿಂದಲೂ ಆ ಪದದಲ್ಲಿ ಕಣ್ಣೀರಿನ ಮಾತಿಲ್ಲ.

ದುಃಖವನ್ನು ಸುಡುವ ವಸ್ತುವಾಗಿ ಕಂಡ ಪದ ಇದೊಂದೇ ಅಲ್ಲ. ‘ಬೇಗುದಿ’ಯನ್ನು ಬಿಡಿಸಿ ನೋಡಿ: ಬೇ + ಕುದಿ. ಬೇಯುವುದೂ ಅದರಲ್ಲೇ, ಕುದಿಯುವುದೂ ಅದರಲ್ಲೇ. ಸಂಸ್ಕೃತದ ‘ಶೋಕ’ ಬಂದಿರುವುದು ‘ಶುಚ್’ ಧಾತುವಿನಿಂದ, ಅದಕ್ಕೆ ಮೊದಲ ಅರ್ಥ ಉರಿ, ಬೆಳಗು. ‘ಶುಚಿ’ ಕೂಡ ಅದೇ ಧಾತುವಿನ ಮಗು: ಹೊಳೆಯುವುದು, ಆದ್ದರಿಂದ ಶುದ್ಧವಾದದ್ದು. ‘ಸಂತಾಪ’, ‘ಪರಿತಾಪ’ಗಳಲ್ಲಿ ‘ತಪ್’ (ಕಾಯು, ಬಿಸಿಯಾಗು) ಇದೆ. ಸಂತಾಪ ಸೂಚಿಸುವ ಸಭೆಯಲ್ಲಿ ನಾವು ಎರಡು ನಿಮಿಷ ಮೌನ ನಿಲ್ಲುತ್ತೇವೆ. ದನಿಯೇ ಇಲ್ಲದ ಆ ಹೊತ್ತಿಗೆ ಕಾವಿನ ಪದ ಎಷ್ಟು ಚೆನ್ನಾಗಿ ಹೊಂದುತ್ತದೆ!

ಇನ್ನು ‘ಅಳು’. ಹಳೆಯ ರೂಪ ‘ಅೞ್’, ತಮಿಳು ಮಲಯಾಳಗಳಲ್ಲಿ ‘ಅೞು’. ಅಳು, ಅಳಲು ಎರಡರಲ್ಲೂ ೞಕಾರವೇ ಇರುವುದರಿಂದ ಬರಿಯ ಅಕ್ಷರ ನೋಡಿ ಇವನ್ನು ಬೇರೆ ಮಾಡಲಾಗದು. ಬೇರೆ ಮಾಡಿಕೊಡುವುದು ಭೂತಕಾಲದ ರೂಪ. ಅಳು ಎಂಬುದು ‘ಅತ್ತಳು’ ಆಗುತ್ತದೆ, ಅಳಲು ಎಂಬ ಕ್ರಿಯಾಪದ ‘ಅಳಲಿದಳು’ ಆಗುತ್ತದೆ. ಬೀೞ್ ಹೋಗಿ ಬಿದ್ದ, ಏೞ್ ಹೋಗಿ ಎದ್ದ, ಕೀೞ್ ಹೋಗಿ ಕಿತ್ತ ಆದ ಹಾದಿಯಲ್ಲೇ ಅೞ್ ಎಂಬುದು ‘ಅತ್ತ’ ಆಗಿದೆ. ಪ್ರತ್ಯಯದ ತಕಾರ, ದಕಾರ ಬಂದು ತಾಕಿದಾಗ ೞಕಾರ ಅದರಲ್ಲಿ ಕರಗಿ ಒತ್ತಕ್ಷರವಾಗುತ್ತದೆ. ‘ಅಳಲು’ ಈ ಗುಂಪಿಗೆ ಸೇರಿದ ಧಾತುವಲ್ಲ.

ಈ ೞ ಅಕ್ಷರವನ್ನು ಹಳಗನ್ನಡದ ವ್ಯಾಕರಣಕಾರರು ‘ರಳ’ ಎಂದು ಕರೆದರು. 13ನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ರಳ ಬರುವ ಪದಗಳನ್ನು ಪಟ್ಟಿ ಮಾಡಿಯೇ ಕೊಡಬೇಕಾಯಿತು, ಏಕೆಂದರೆ ಆ ಹೊತ್ತಿಗೆ ಜನರ ಬಾಯಲ್ಲಿ ಅದು ಳಕಾರದೊಂದಿಗೆ ಬೆರೆತುಹೋಗುತ್ತಿತ್ತು. ಇಂದು ಯೂನಿಕೋಡಿನಲ್ಲಿ ಈ ಅಕ್ಷರ ಇದೆ, ಆದರೆ ಅಲ್ಲಿ ಅದಕ್ಕೆ ‘ಫ’ (FA) ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದಾಗಿ ಅದು ಹಾಗೆಯೇ ಉಳಿದಿದೆ. ಕಂಪ್ಯೂಟರಿನ ಅಕ್ಷರಪಟ್ಟಿಯಲ್ಲಿ ‘ಳ’ ಎಂದು ಹುಡುಕಿ ಸಿಗದೆ ಸೋತವರು ‘ಫ’ ಎಂಬ ಹೆಸರಿನ ಕೆಳಗೆ ನೋಡಬೇಕು.

ಪ್ರಶ್ನೆ (ತುಮಕೂರಿನಿಂದ): ‘ಮಗು ಅಳಲು ಶುರುಮಾಡಿತು’ ಎಂಬಲ್ಲಿರುವುದೂ ಇದೇ ‘ಅಳಲು’ ತಾನೇ? ಮಕ್ಕಳಿಗೆ ಪಾಠ ಹೇಳುವಾಗ ಇದನ್ನು ಹೇಗೆ ಬಿಡಿಸಿ ತೋರಿಸುವುದು?

ಉತ್ತರ: ಅದು ಬೇರೆ. ಅಲ್ಲಿರುವುದು ‘ಅಳು’ ಧಾತುವಿಗೆ ‘ಅಲು’ ಪ್ರತ್ಯಯ ಸೇರಿದ ರೂಪ: ಮಾಡಲು, ಹೋಗಲು, ನಗಲು ಇದ್ದಂತೆ. ಹೊಸಗನ್ನಡದಲ್ಲಿ ಎರಡೂ ಒಂದೇ ಅಚ್ಚಿನಲ್ಲಿ ಕಾಣಿಸಿಕೊಳ್ಳುವುದರಿಂದಲೇ ಈ ಗೊಂದಲ ಹುಟ್ಟುತ್ತದೆ.

ತರಗತಿಯಲ್ಲಿ ಹೀಗೆ ಮಾಡಿ. ಮೊದಲು ‘ಅಳಲು’ ಇದ್ದ ಜಾಗದಲ್ಲಿ ‘ನಗಲು’ ಇಟ್ಟು ನೋಡಿ. ‘ಮಗು ನಗಲು ಶುರುಮಾಡಿತು’ ಎಂಬುದು ಕೂಡುತ್ತದೆ, ಆದ್ದರಿಂದ ಅದು ಅಳುವಿನ ರೂಪ. ‘ರೈತರ ನಗಲು’ ಕೂಡುವುದಿಲ್ಲ. ಆಗ ‘ಸಂಕಟ’ ಇಟ್ಟು ನೋಡಿ. ‘ರೈತರ ಸಂಕಟ’ ಕೂಡುತ್ತದೆ, ಆದ್ದರಿಂದ ಅದು ನಾಮಪದ. ಅನುಮಾನ ಉಳಿದರೆ ವಿಭಕ್ತಿ ಹಚ್ಚಿ ನೋಡಬಹುದು. ನಾಮಪದ ಅಳಲನ್ನು, ಅಳಲಿನ, ಅಳಲಿಗೆ ಎಂದು ನಡೆಯುತ್ತದೆ. ಕ್ರಿಯೆಯ ರೂಪ ‘ಅಳಲಿಕ್ಕೆ’ ಎಂಬಲ್ಲಿಗೆ ನಿಲ್ಲುತ್ತದೆ.

ಎಡವುವ ಜಾಗ ಇನ್ನೊಂದಿದೆ. ‘ಅವಳು ಅಳಲಿಲ್ಲ’ ಎಂದರೆ ಕಣ್ಣೀರು ಹಾಕಲಿಲ್ಲ. ಸಂಕಟಪಡಲಿಲ್ಲ ಎನ್ನಬೇಕಾದರೆ ‘ಅಳಲಲಿಲ್ಲ’ ಆಗಬೇಕು. ಕಿವಿಗೆ ತೊಡರುವ ರೂಪವಾದ್ದರಿಂದ ಬರೆಯುವವರು ಅದನ್ನು ಬಿಟ್ಟು ‘ಮರುಗಲಿಲ್ಲ’, ‘ಕೊರಗಲಿಲ್ಲ’ ಎಂದು ದಾಟಿಕೊಳ್ಳುತ್ತಾರೆ. ಅದು ಜಾಣತನವೇ. ‘ಅಳಿಸು’ವಿನಲ್ಲೂ ಇಂಥದೇ ತೊಡಕಿದೆ. ಅಳುವಂತೆ ಮಾಡು ಎಂಬುದಕ್ಕೂ ‘ಅಳಿಸು’, ಹಲಗೆಯ ಮೇಲಿನ ಬರಹವನ್ನು ತೆಗೆ ಎಂಬುದಕ್ಕೂ ‘ಅಳಿಸು’. ಎರಡನೆಯದು ನಾಶವಾಗು ಎಂಬ ಅರ್ಥದ ‘ಅಳಿ’ಯಿಂದ ಬಂದದ್ದು, ಅಳಿವು ಉಳಿವು ಎನ್ನುವಾಗ ಇರುವ ಅಳಿ. ಬರಹದಲ್ಲಿ ಮೊದಲನೆಯ ಅರ್ಥಕ್ಕೆ ‘ಅಳುವಂತೆ ಮಾಡು’ ಎಂದು ಬಿಡಿಸಿ ಹೇಳಿದರೆ ಕ್ಷೇಮ.

ಅಳುಕು, ಅಳಲೆಕಾಯಿಗಳಿಗೂ ಅಳುವಿಗೂ ಏನೂ ಸಂಬಂಧವಿಲ್ಲ. ಅಳುಕಿನ ಹಳೆಯ ರೂಪ ‘ಅಳ್ಕು’, ಹೆದರು ಎಂದು ಅರ್ಥ. ಅಳಲೆಗೆ ‘ಅಣಿಲೆ’ ಎಂಬ ರೂಪವೂ ಇರುವುದನ್ನು ಗಮನಿಸಿದರೆ ಅದರ ದಾರಿ ಬೇರೆಯೆಂದು ತಿಳಿಯುತ್ತದೆ.

ಪ್ರಶ್ನೆ (ಹಾಸನದಿಂದ): ‘ಅಳಲು ತೊಡಿಕೊಂಡರು’, ‘ಅಳಲು ತೋಡಿಕೊಂಡರು’ ಎರಡನ್ನೂ ನೋಡಿದ್ದೇವೆ. ಸರಿ ಯಾವುದು?

ಉತ್ತರ: ‘ತೋಡಿಕೊಂಡರು’. ತೋಡು ಎಂದರೆ ಅಗೆ, ಒಳಗಿದ್ದುದನ್ನು ಮೊಗೆದು ಹೊರಗೆ ತೆಗೆ. ಬಾವಿ ತೋಡುತ್ತೇವೆ, ಬತ್ತಿದ ಹೊಳೆಯ ಮರಳಿನಲ್ಲಿ ಒರತೆ ತೋಡುತ್ತೇವೆ. ‘ತೊಡು’ ಬಟ್ಟೆಗೆ, ಒಡವೆಗೆ ಸೇರಿದ್ದು, ಅದರ ಭೂತಕಾಲ ‘ತೊಟ್ಟರು’. ಹಾಗಾಗಿ ‘ತೊಡಿಕೊಂಡರು’ ಎಂಬ ರೂಪಕ್ಕೆ ಜಾಗವೇ ಇಲ್ಲ.

ಪ್ರಶ್ನೆ (ಬಳ್ಳಾರಿಯಿಂದ): ‘ಗೋಳು’ ಎಂಬುದು ‘ಗೋ’ ಅಂದರೆ ಹಸು ಕೂಗುವ ದನಿಯಿಂದ ಬಂದದ್ದು ಎಂದು ಹಿರಿಯರೊಬ್ಬರು ಹೇಳಿದರು. ‘ಗೋಗರೆ’ಯಲ್ಲೂ ಹಸುವೇ ಇದೆಯಂತೆ. ನಿಜವೇ? ಜೊತೆಗೆ, ‘ಗೋಳು ಹೊಯ್ದುಕೊಳ್ಳು’ ಎಂಬಲ್ಲಿ ಹೊಯ್ಯುವುದು ಏನನ್ನು?

ಉತ್ತರ: ಎರಡರಲ್ಲೂ ಹಸು ಇಲ್ಲ. ಕನ್ನಡಿಗರ ಕಿವಿಗೆ ಹಸುವಿನ ಕೂಗು ‘ಅಂಬಾ’. ‘ಗೋಗರೆ’ ಎಂದರೆ ‘ಗೋ’ ಎಂದು ಕರೆ. ಇಲ್ಲಿ ‘ಗೋ’ ಎಂಬುದು ಮನುಷ್ಯರು ದೊಡ್ಡದಾಗಿ ಅಳುವ ದನಿಯ ಅನುಕರಣೆ, ‘ಕರೆ’ಯ ಕಕಾರ ಆದೇಶಸಂಧಿಯಿಂದ ಗಕಾರವಾಗಿದೆ. ‘ಗೊಳೋ ಎಂದು ಅತ್ತರು’ ಎಂಬುದೂ ಅನುಕರಣೆಯೇ.

‘ಗೋಳಿ’ನ ಸ್ವಭಾವ ತಿಳಿಯಬೇಕಾದರೆ ಅದರ ಜೊತೆಗಾರ ಕ್ರಿಯಾಪದವನ್ನು ನೋಡಬೇಕು: ಗೋಳಿಡು. ದನಿಯನ್ನು ಹೇಳುವ ಪದಕ್ಕೆ ‘ಇಡು’ ಸೇರಿಸುವುದು ಕನ್ನಡದ ಹಳೆಯ ವಾಡಿಕೆ. ಮನುಷ್ಯರು ಗೋಳಿಡುತ್ತಾರೆ, ನಾಯಿ ನರಿಗಳು ಊಳಿಡುತ್ತವೆ, ಕಷ್ಟದಲ್ಲಿದ್ದವರು ಮೊರೆಯಿಡುತ್ತಾರೆ. ‘ಊಳು’ವಿಗೆ ತಮಿಳಿನ ‘ಊಳೈ’ ನೆಂಟ. ಕಥೆ ಬರೆಯುವವರು ಇದನ್ನು ನೆನಪಿಡಬೇಕು: ಮನುಷ್ಯರ ದುಃಖಕ್ಕೆ ‘ಊಳಿಟ್ಟರು’ ಎಂದರೆ ಅವಮಾನದ ಛಾಯೆ ಬಂದುಬಿಡುತ್ತದೆ.

ತೆಲುಗಿನಲ್ಲಿ ಸಂಕಟದ ಅಹವಾಲಿಗೆ ‘ಗೋಡು’ ಎನ್ನುತ್ತಾರೆ. ಕನ್ನಡದ ಳಕಾರ ಹಳೆಯ ೞಕಾರದಿಂದ ಬಂದದ್ದಾದರೆ ತೆಲುಗಿನಲ್ಲಿ ಆ ಜಾಗದಲ್ಲಿ ಡಕಾರ ಸಿಗುವುದು ಸಾಮಾನ್ಯ: ಏಳು–ಏಡು, ಕೋಳಿ–ಕೋಡಿ. ಗೋಳು–ಗೋಡು ಜೋಡಿಯೂ ಈ ಸಾಲಿಗೆ ಹೊಂದುತ್ತದೆ.

ಬಳ್ಳಾರಿಯವರಿಗೆ ತೆಲುಗಿನ ನುಡಿಗಟ್ಟೂ ಪರಿಚಿತವಿರಬಹುದು: ‘ಗೋಡು ವೆಳ್ಳಬೋಸುಕೊನು’, ಅಂದರೆ ತನ್ನ ಗೋಳನ್ನು ಹೊರಗೆ ಸುರಿದುಕೊಳ್ಳು. ಕನ್ನಡದ ‘ಹೊಯ್’ ಎಂಬುದಕ್ಕೂ ಸುರಿ ಎಂಬ ಅರ್ಥವಿದೆ, ದೋಸೆ ಹೊಯ್ಯುತ್ತೇವೆ, ಅಚ್ಚು ಹೊಯ್ಯುತ್ತೇವೆ. ಆದರೆ ಗೋಳಿನ ಜೊತೆ ಸೇರಿದಾಗ ಅರ್ಥ ತಿರುಗಿಬಿಟ್ಟಿದೆ. ತೆಲುಗಿನವರು ಸುರಿಯುವುದು ತಮ್ಮ ಗೋಳನ್ನು. ಕನ್ನಡದಲ್ಲಿ ‘ಅತ್ತೆ ಸೊಸೆಯ ಗೋಳು ಹೊಯ್ದುಕೊಂಡಳು’ ಎಂದರೆ ಗೋಳು ಸೊಸೆಯದು, ಹೊಯ್ದುಕೊಂಡವಳು ಅತ್ತೆ. ‘ಕೊಳ್ಳು’ ಎಂಬುದು ಕ್ರಿಯೆಯ ಫಲವನ್ನು ಮಾಡಿದವರ ಕಡೆಗೇ ತರುತ್ತದೆ: ಇನ್ನೊಬ್ಬರನ್ನು ಅಳಿಸಿ ಆ ಅಳುವನ್ನು ತನ್ನ ಲೆಕ್ಕಕ್ಕೆ ತುಂಬಿಕೊಳ್ಳುವುದು. ಆದ್ದರಿಂದ ಯಾರ ಗೋಳು ಎಂಬುದನ್ನು ಷಷ್ಠಿಯಲ್ಲಿ ಹೇಳಲೇಬೇಕು. ‘ಅವನು ಗೋಳು ಹೊಯ್ದುಕೊಂಡ’ ಎಂದಷ್ಟೇ ಬರೆದರೆ ವಾಕ್ಯ ಅರ್ಧಕ್ಕೆ ನಿಲ್ಲುತ್ತದೆ. ತಾನೇ ಸಂಕಟಪಟ್ಟ ಎನ್ನಬೇಕಾದರೆ ‘ಗೋಳಾಡಿದ’.

ಪ್ರಶ್ನೆ (ಹುಬ್ಬಳ್ಳಿಯಿಂದ): ಸುದ್ದಿ ಬರೆಯುವ ಕೆಲಸ ನನ್ನದು. ರೋದನ, ಆಕ್ರಂದನ, ವಿಲಾಪ, ಪ್ರಲಾಪ ಇವೆಲ್ಲ ಒಂದೇ ಅರ್ಥದವೇ? ಯಾವುದನ್ನು ಎಲ್ಲಿ ಬಳಸಬೇಕು?

ಉತ್ತರ: ಒಂದೇ ಅರ್ಥದವಲ್ಲ. ಮೊದಲು ಕಾಗುಣಿತ ಹೇಳಿಬಿಡುತ್ತೇವೆ, ಏಕೆಂದರೆ ಹೆಚ್ಚು ಹಾನಿಯಾಗುತ್ತಿರುವುದು ಅಲ್ಲಿ. ಅಳುವುದಕ್ಕೆ ‘ರೋದನ’, ದಕಾರಕ್ಕೆ ಹೊಟ್ಟೆ ಸೀಳುವುದಿಲ್ಲ. ಅದು ‘ರುದ್’ ಧಾತುವಿನದು. ‘ರೋಧನ’ ಎಂದು ಮಹಾಪ್ರಾಣ ಹಾಕಿದರೆ ಅದು ‘ರುಧ್’ ಧಾತುವಿಗೆ ಹೋಗುತ್ತದೆ, ತಡೆ ಎಂದು ಅರ್ಥ. ವಿರೋಧ, ನಿರೋಧ, ಪ್ರತಿರೋಧಗಳ ಮನೆ ಅದು. ‘ಅರಣ್ಯರೋಧನ’ ಎಂದು ಬರೆದರೆ ಕಾಡಿನಲ್ಲಿ ಯಾರೂ ಅಳುತ್ತಿಲ್ಲ, ಕಾಡನ್ನು ಯಾರೋ ತಡೆದಿದ್ದಾರೆ ಎಂದಾಗುತ್ತದೆ. ಹಾಗೆಯೇ ‘ಆಕ್ರಂದನ’ದ ಮೊದಲಕ್ಷರ ದೀರ್ಘ, ಕೊನೆಯಲ್ಲಿ ಅಲ್ಪಪ್ರಾಣ ದ. ‘ಅಕ್ರಂದನ’, ‘ಆಕ್ರಂಧನ’ ಎರಡೂ ತಪ್ಪು.

ಇನ್ನು ಅರ್ಥ. ರುದ್ ಎಂದರೆ ಕಣ್ಣೀರಿಟ್ಟು ಅಳು. ‘ರುದ್ರ’ನ ಹೆಸರನ್ನೂ ವೇದದವರು ಇದರಿಂದಲೇ ಬಿಡಿಸಿದ್ದಾರೆ. ಅವನು ಅತ್ತದ್ದರಿಂದಲೇ ರುದ್ರನಾದ, ಅವನ ಉದುರಿದ ಕಣ್ಣೀರು ಬೆಳ್ಳಿಯಾಯಿತು ಎಂದು ತೈತ್ತಿರೀಯ ಸಂಹಿತೆ ಹೇಳುತ್ತದೆ. ಯಜ್ಞದಲ್ಲಿ ಬೆಳ್ಳಿಯನ್ನು ದಕ್ಷಿಣೆಯಾಗಿ ಕೊಡಬಾರದೆಂಬುದಕ್ಕೆ ಅಲ್ಲಿ ಕೊಡುವ ಕಾರಣವೂ ಅದೇ.

‘ಕ್ರಂದ್’ ಧಾತುವಿನಲ್ಲಿ ಮೊದಲು ದುಃಖವೇ ಇರಲಿಲ್ಲ, ಇದ್ದದ್ದು ದೊಡ್ಡ ಸದ್ದು. ಋಗ್ವೇದದಲ್ಲಿ ಕುದುರೆಯ ಕೆನೆತಕ್ಕೆ ಈ ಧಾತು ಬರುತ್ತದೆ, ಮಳೆ ತರುವ ಪರ್ಜನ್ಯನಿಗೆ ‘ಗರ್ಜಿಸು, ಗುಡುಗು’ ಎಂದು ಬೇಡುವಾಗಲೂ ಬರುತ್ತದೆ. ಮುಂದೆ ‘ಆಕ್ರಂದ’ ಎಂದರೆ ಸಹಾಯಕ್ಕೆ ಕೂಗುವುದಾಯಿತು. ಕೌಟಿಲ್ಯನ ಅರ್ಥಶಾಸ್ತ್ರದ ರಾಜಮಂಡಲದಲ್ಲಿ ಬೆನ್ನ ಹಿಂದಿನ ಶತ್ರುವಿಗೆ ‘ಪಾರ್ಷ್ಣಿಗ್ರಾಹ’ ಎಂದೂ ಅವನ ಆಚೆಗಿರುವ ನಮ್ಮ ಮಿತ್ರನಿಗೆ ‘ಆಕ್ರಂದ’ ಎಂದೂ ಹೆಸರು. ಹಿಂದಿನಿಂದ ಪೆಟ್ಟು ಬೀಳುವಾಗ ಕೂಗಿ ಕರೆಯುವುದು ಅವನನ್ನೇ. ಹಾಗಾಗಿ ಆಕ್ರಂದನಕ್ಕೆ ಎರಡು ಲಕ್ಷಣ ಬೇಕು: ದನಿ ಜೋರಾಗಿರಬೇಕು, ಯಾರಾದರೂ ಕೇಳಿಸಿಕೊಳ್ಳಲಿ ಎಂಬ ಮೊರೆ ಅದರಲ್ಲಿರಬೇಕು. ಮೂಲೆಯಲ್ಲಿ ಕೂತು ಮೆಲ್ಲಗೆ ಅಳುತ್ತಿರುವ ತಾಯಿಯ ಬಗ್ಗೆ ‘ಆಕ್ರಂದನ ಮುಗಿಲು ಮುಟ್ಟಿತ್ತು’ ಎಂದು ಬರೆಯುವುದು ಅವಳ ದುಃಖಕ್ಕೆ ಮಾಡುವ ಅನ್ಯಾಯ. ಪ್ರತಿಯೊಂದು ಅಪಘಾತದ ಸುದ್ದಿಯಲ್ಲೂ ಮುಗಿಲು ಮುಟ್ಟಿಸಿ ಮುಟ್ಟಿಸಿ ಆ ಮಾತು ಸವೆದೇ ಹೋಗಿದೆ. ದಯವಿಟ್ಟು ಕೆಲಕಾಲ ಅದಕ್ಕೆ ಬಿಡುವು ಕೊಡಿ.

ವಿಲಾಪದಲ್ಲಿ ಇರುವುದು ‘ಲಪ್’, ಮಾತಾಡು. ಆಲಾಪ, ಸಲ್ಲಾಪ, ಪ್ರಲಾಪ ಎಲ್ಲವೂ ಇದರ ಮಕ್ಕಳು. ಆದ್ದರಿಂದ ಮಾತಿಲ್ಲದ ಅಳು ವಿಲಾಪ ಆಗದು. ಕಾಳಿದಾಸನ ಕುಮಾರಸಂಭವದ ನಾಲ್ಕನೆಯ ಸರ್ಗದ ರತಿವಿಲಾಪದಲ್ಲೂ ರಘುವಂಶದ ಎಂಟನೆಯ ಸರ್ಗದ ಅಜವಿಲಾಪದಲ್ಲೂ ಸತ್ತವರನ್ನು ಕುರಿತ ಮಾತೇ ತುಂಬಿದೆ. ನಮ್ಮ ರನ್ನನ ಗದಾಯುದ್ಧದಲ್ಲಿ ಕರ್ಣನ ಹೆಣದ ಮುಂದೆ ದುರ್ಯೋಧನ ಮಾಡುವುದೂ ವಿಲಾಪವೇ. ಹಳ್ಳಿಗಳಲ್ಲಿ ಹೆಂಗಸರು ಸತ್ತವರ ಗುಣ ಎತ್ತಿ ಆಡುತ್ತ, ‘ಹಾಡಿಕೊಂಡು’ ಅಳುತ್ತಾರಲ್ಲ, ಅದಕ್ಕೆ ನಿಜವಾಗಿ ಒಪ್ಪುವ ಪದ ಇದು. ‘ಪ್ರಲಾಪ’ವೂ ಹಿಂದೆ ದುಃಖದ ಮಾತಾಗಿ ಬಳಕೆಯಲ್ಲಿತ್ತು, ಈಗ ಅರ್ಥವಿಲ್ಲದ ಬಡಬಡಿಕೆ. ಸುದ್ದಿಯಲ್ಲಿ ದುಃಖಿತರಿಗೆ ಅದನ್ನು ಬಳಸಬೇಡಿ.

ಕೇಳದಿದ್ದರೂ ಒಂದು ಸೇರಿಸುತ್ತೇವೆ. ‘ಆಕ್ರೋಶ’ ಇಂದು ಸಿಟ್ಟಿನ ಪದ, ಆದರೆ ಅದರೊಳಗಿನ ‘ಕ್ರುಶ್’ ಎಂದರೆ ಕೂಗು. ನರಿಗೆ ಸಂಸ್ಕೃತದಲ್ಲಿ ‘ಕ್ರೋಷ್ಟು’, ಕೂಗುವ ಪ್ರಾಣಿ. ಹಳೆಯ ದೂರದ ಅಳತೆ ‘ಕ್ರೋಶ’ವೂ ಅದರಿಂದಲೇ, ಒಂದು ಕೂಗು ಕೇಳಿಸುವಷ್ಟು ದೂರ. ಕನ್ನಡಿಗರು ‘ಕೂಗಳತೆಯ ದೂರ’ ಎನ್ನುವುದೂ ಇದನ್ನೇ.

ಪ್ರಶ್ನೆ (ಶಿವಮೊಗ್ಗದಿಂದ): ‘ಹಲುಬು’ ಎಂಬ ಪದದ ಮೂಲ ಹುಡುಕಲು ಹೋಗಿ ಸೋತೆ. ಇಂಥ ಪದಗಳನ್ನು ಹುಡುಕುವ ಕ್ರಮ ಹೇಗೆ?

ಉತ್ತರ: ಹಕಾರದಲ್ಲಿ ನಿಂತುಬಿಟ್ಟಿದ್ದೀರಿ, ಅಷ್ಟೇ. ಅಚ್ಚಗನ್ನಡ ಪದ ಹಕಾರದಿಂದ ಮೊದಲಾದರೆ ಪಕಾರಕ್ಕೆ ತಿರುಗಿಸಿ ಹುಡುಕಿ: ಹಾಲು ಹಿಂದೆ ಪಾಲ್, ಹುಲಿ ಹಿಂದೆ ಪುಲಿ. ಮೂರು ಅಕ್ಷರದ ಪದಗಳ ಕೊನೆಯಲ್ಲಿ ಗ, ಕ, ಬಗಳು ಬಂದಾಗ ಅವುಗಳ ಮುಂದೆ ಒಂದು ಸೊನ್ನೆ ಬಿದ್ದುಹೋಗಿರಬಹುದು: ಅಡಂಗು ಅಡಗು ಆಯಿತು, ಕಲಂಕು ಕಲಕು ಆಯಿತು. ಎರಡನ್ನೂ ಸೇರಿಸಿದರೆ ನಿಮಗೆ ಸಿಗುವುದು ‘ಪಲುಂಬು’. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಕೋಶದಲ್ಲಾಗಲಿ, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನಲ್ಲಾಗಲಿ ಈ ರೂಪದ ಜಾಡು ಹಿಡಿಯಿರಿ. ಅರ್ಥಕ್ಕೆ ತಮಿಳಿನ ‘ಪುಲಂಬು’ ಹೋಲಿಸಿ ನೋಡಿ, ಅಲ್ಲೂ ದುಃಖದಲ್ಲಿ ಮಾತಾಡುತ್ತ ಹೋಗುವುದೇ ಅರ್ಥ. ಹಲುಬುವುದರಲ್ಲಿ ಮಾತು ಇದೆ, ಆದರೆ ಅದಕ್ಕೆ ಅಡಕವಿಲ್ಲ, ಹೇಳಿದ್ದನ್ನೇ ಹೇಳುತ್ತ ಹೋಗುತ್ತದೆ. ವಿಲಾಪಕ್ಕೂ ಅದಕ್ಕೂ ವ್ಯತ್ಯಾಸ ಅಲ್ಲಿದೆ.

ಹೀಗೆಯೇ ಬಕಾರದಿಂದ ಮೊದಲಾಗುವ ಪದಕ್ಕೆ ತಮಿಳಿನಲ್ಲಿ ವಕಾರ ಹುಡುಕಿ. ‘ಬಿಕ್ಕಿ ಬಿಕ್ಕಿ ಅತ್ತಳು’ ಎಂಬ ‘ಬಿಕ್ಕು’ ತಮಿಳಿನಲ್ಲಿ ‘ವಿಕ್ಕು’, ಬಾ–ವಾ, ಬಾಳು–ವಾೞ್ ಇದ್ದ ಹಾಗೆ. ಬಿಕ್ಕಳಿಕೆಯೂ ಇದೇ ಪದ. ಬಿಕ್ಕಳಿಕೆಯಲ್ಲಿ ವಪೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯು) ತಟ್ಟನೆ ಸೆಳೆದುಕೊಂಡು ಉಸಿರು ಒಳನುಗ್ಗುವಾಗ ಗಂಟಲಿನ ಬಾಯಿ ಮುಚ್ಚಿಕೊಂಡು ‘ಇಕ್’ ಎಂಬ ಸದ್ದು ಬರುತ್ತದೆ. ಅಳುವಾಗಲೂ ಉಸಿರು ತುಂಡು ತುಂಡಾಗಿ ಒಳಸೇರುತ್ತದೆ. ಹಾಗಾಗಿ ‘ಜೋರಾಗಿ ಬಿಕ್ಕಿ ಅರಚಿದಳು’ ಎಂಬ ವಾಕ್ಯ ನಿಲ್ಲುವುದಿಲ್ಲ. ಬಿಕ್ಕುವಾಗ ಉಸಿರು ಒಳಗೆ, ಅರಚುವಾಗ ಹೊರಗೆ.

ಪ್ರಶ್ನೆ (ಉಡುಪಿಯಿಂದ): ‘ಕಡಲ ಮೊರೆತ’ ಮತ್ತು ‘ನ್ಯಾಯಾಲಯದ ಮೊರೆ’ ಇವೆರಡರಲ್ಲಿರುವುದು ಒಂದೇ ಮೊರೆಯೇ?

ಉತ್ತರ: ಕಡಲೂ ದುಂಬಿಯೂ ಮೊರೆಯುವುದು ಸಾದಾ ರಕಾರದ್ದು, ಬರಿಯ ಸದ್ದು. ಮೊರೆಯಿಡುವುದರಲ್ಲಿ ಹಿಂದೆ ಇದ್ದದ್ದು ಱಕಾರ, ಅಂದರೆ ಹಳಗನ್ನಡದ ಇನ್ನೊಂದು ರಕಾರ. ಇದಕ್ಕೆ ತಮಿಳಿನ ‘ಮುಱೈ’ ಹೋಲಿಸಿ: ಕ್ರಮ, ನ್ಯಾಯ, ಸರದಿ. ‘ಮುಱೈಯಿಡು’ ಎಂದರೆ ಅಲ್ಲಿ ಅಧಿಕಾರದವರ ಮುಂದೆ ದೂರು ಹೇಳು. ತೆಲುಗಿನಲ್ಲಿ ‘ಮೊಱ’. ಱಕಾರ ಮರೆಯಾದ ಮೇಲೆ ಕನ್ನಡದಲ್ಲಿ ಎರಡೂ ಒಂದೇ ಅಕ್ಷರಕ್ಕೆ ಬಂದು ಬಿದ್ದವು. ಬಳಸುವಾಗ ವಿಭಕ್ತಿ ಗಮನಿಸಿ: ದೇವರಿಗೆ ಮೊರೆಯಿಟ್ಟರು, ಆದರೆ ದೇವರ ಮೊರೆಹೊಕ್ಕರು. ಎರಡನೆಯದರಲ್ಲಿರುವುದು ‘ಹೊಗು’, ಒಳಸೇರು.

ಪ್ರಶ್ನೆ (ಚಿತ್ರದುರ್ಗದಿಂದ): ‘ನೀರಿಗಾಗಿ ಆಹಾಕಾರ’ ಎಂದೂ ‘ಹಾಹಾಕಾರ’ ಎಂದೂ ಬರೆಯುತ್ತಾರೆ. ಮೊದಲಲ್ಲಿ ಹಕಾರ ಬೇಕೇ?

ಉತ್ತರ: ಬೇಕು. ಓಂ ಎನ್ನುವುದು ಓಂಕಾರ, ಧಿಕ್ ಎನ್ನುವುದು ಧಿಕ್ಕಾರ. ‘ಹಾ, ಹಾ’ ಎಂದು ಜನ ಕೂಗುವುದು ಹಾಹಾಕಾರ. ‘ಆಹಾ’ ಎಂಬುದು ಸಂತೋಷದ ಉದ್ಗಾರ. ಕೊಡ ಹಿಡಿದು ಸಾಲಿನಲ್ಲಿ ನಿಂತವರ ಬಾಯಿಗೆ ಅದನ್ನು ಹಾಕಬಾರದು.